ಸಿಂಗಾರದ ಹಿಂದಿನ ಲೆಕ್ಕ

ಮದುವೆಯ ಸಭಾಂಗಣಕ್ಕೆ ಕಾಲಿಟ್ಟವರ ದೃಷ್ಟಿ ಮೊದಲು ಹರಿಯುವುದು ವೇದಿಕೆಯತ್ತ. ಹೂವಿನ ಕಮಾನು, ದೀಪಗಳ ತೋರಣ, ಬಣ್ಣದ ಪರದೆ ಇವೆಲ್ಲ ಕಣ್ಣಿಗೆ ಹಬ್ಬ. ಅದನ್ನು ನಿಲ್ಲಿಸಿದವರಾರು, ಎಷ್ಟು ದಿನ ಮೊದಲು ಅದರ ಚಿಂತೆ ಆರಂಭವಾಯಿತು, ಹಿಂದಿನ ರಾತ್ರಿ ಎಷ್ಟು ಮಂದಿ ನಿದ್ದೆಗೆಟ್ಟರು ಎಂಬುದು ಅತಿಥಿಗಳ ಅರಿವಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಮದುವೆ ಮಾಡಿಸುವ ಮನೆಯವರಿಗೆ, ಚರ್ಚಿನ ಹಬ್ಬದ ಸಮಿತಿಯವರಿಗೆ, ಅಂಗಡಿ ನಡೆಸುವವರಿಗೆ ಹಾಗೂ ಈ ವೃತ್ತಿಯನ್ನೇ ನೆಚ್ಚಿಕೊಂಡಿರುವ ನಮ್ಮ ಅನೇಕ ಯುವಕ ಯುವತಿಯರಿಗೆ ಇದನ್ನು ತಿಳಿಯುವ ಅಗತ್ಯವಿದೆ.

ಅಲಂಕಾರದ ಕೆಲಸಕ್ಕೆ ಬೇರೆ ಕೆಲಸಗಳಿಗಿಲ್ಲದ ಒಂದು ಕಟ್ಟುಪಾಡಿದೆ. ಮನೆ ಕಟ್ಟುವ ಮೇಸ್ತ್ರಿ ತಿಂಗಳು ತಡಮಾಡಿದರೆ ಗೃಹಪ್ರವೇಶವನ್ನು ಮುಂದೂಡಬಹುದು. ಅಚ್ಚಾದ ಮದುವೆಯ ಕರೆಯೋಲೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಕ್ರಿಸ್ಮಸ್ಸು ಡಿಸೆಂಬರ್ 25ನ್ನು ಬಿಟ್ಟು ಕದಲುವುದಿಲ್ಲ. ದಿನ ಕದಲದಿರುವಾಗ ಬೇರೆಯದೇನೋ ಕದಲಲೇಬೇಕು: ಹಣವೋ, ಅಂದವೋ, ಕೆಲಸಗಾರರ ನಿದ್ದೆಯೋ, ಕಟ್ಟಕಡೆಗೆ ನೆರೆದವರ ಸುರಕ್ಷತೆಯೋ. ಯಾವುದು ಕದಲಬಹುದು, ಯಾವುದು ಕದಲಕೂಡದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳುವುದರಲ್ಲೇ ಯೋಜನೆಯ ಸಾರವಿದೆ.

ನಮ್ಮ ಕರಾವಳಿಯ ಕ್ರೈಸ್ತ ಮದುವೆಗಳನ್ನೇ ತೆಗೆದುಕೊಳ್ಳಿ. ಆಗಮನಕಾಲದಲ್ಲಾಗಲಿ ತಪಸ್ಸುಕಾಲದಲ್ಲಾಗಲಿ ಮದುವೆ ಇಟ್ಟುಕೊಳ್ಳುವ ವಾಡಿಕೆ ನಮ್ಮಲ್ಲಿಲ್ಲ. ಆದ್ದರಿಂದ ಕ್ರಿಸ್ಮಸ್ಸಿನಿಂದ ವಿಭೂತಿ ಬುಧವಾರದವರೆಗಿನ ಅವಧಿ ಅಲಂಕಾರದವರಿಗೆ ಸುಗ್ಗಿಯ ಕಾಲ. ಈ ಸುಗ್ಗಿ ಪ್ರತಿವರ್ಷವೂ ಒಂದೇ ಅಳತೆಯದಲ್ಲ. 2025ರಲ್ಲಿ ವಿಭೂತಿ ಬುಧವಾರ ಮಾರ್ಚ್ 5ರಂದು ಬಂದಿತ್ತು. ಹಿಂದಿನ ಕ್ರಿಸ್ಮಸ್ಸಿನಿಂದ ಎಣಿಸಿದರೆ 70 ದಿನಗಳ ಅಂತರ. 2027ರ ಪಂಚಾಂಗದಲ್ಲಿ ಅದು ಫೆಬ್ರವರಿ 10ಕ್ಕೆ ಬೀಳುತ್ತದೆ. ಅಂತರ ಬರೀ 47 ದಿನ. ಅಷ್ಟೇ ಮದುವೆಗಳು ಮೂರು ವಾರಕ್ಕೂ ಹೆಚ್ಚು ಕಡಿಮೆ ಅವಧಿಯಲ್ಲಿ ಮುಗಿಯಬೇಕೆಂದರೆ ಸಭಾಂಗಣಕ್ಕೆ, ಬಡಗಿಗಳಿಗೆ, ಹೂವಿಗೆ, ವಾದ್ಯದವರಿಗೆ ಪೈಪೋಟಿ ಏಳುವುದು ಸಹಜ. ಇದರ ಮೇಲೆ ಕೊಲ್ಲಿ ರಾಷ್ಟ್ರಗಳಲ್ಲಿರುವ ಅಣ್ಣತಮ್ಮಂದಿರ ರಜೆಯ ಲೆಕ್ಕ ಬೇರೆ. ಇಷ್ಟೆಲ್ಲ ವರ್ಷಗಟ್ಟಲೆ ಮೊದಲೇ ಪಂಚಾಂಗದಲ್ಲಿ ಅಚ್ಚಾಗಿರುವ ಸಂಗತಿಯಾದರೂ ನವೆಂಬರಿನಲ್ಲಿ ಹಾಲ್ ಹುಡುಕಲು ಹೊರಟು ಬೆಲೆ ಕೇಳಿ ಬೆರಗಾಗುವವರಿಗೆ ಕೊರತೆಯಿಲ್ಲ!

ಹಿಂದಿನಿಂದ ಮುಂದಕ್ಕೆ

ಈ ವೃತ್ತಿಯಲ್ಲಿ ಪಳಗಿದವರು ಲೆಕ್ಕವನ್ನು ಸಮಾರಂಭದ ಗಳಿಗೆಯಿಂದ ಆರಂಭಿಸಿ ಹಿಂದಕ್ಕೆ ಎಣಿಸುತ್ತಾರೆ. ಶನಿವಾರ ಬೆಳಗ್ಗೆ 11ಕ್ಕೆ ಅತಿಥಿಗಳು ಬರುತ್ತಾರೆ ಎಂದಿಟ್ಟುಕೊಳ್ಳೋಣ. ಹಿಂದಿನ ಸಂಜೆ ಅದೇ ಸಭಾಂಗಣದಲ್ಲಿ ಇನ್ನೊಬ್ಬರ ಸಮಾರಂಭ. ಅವರು ಊಟ ಮುಗಿಸಿ ಹೊರಬೀಳುವಾಗ ರಾತ್ರಿ 11. ತಿಂಗಳುಗಟ್ಟಲೆ ಮಾತಾಡಿದ ಅಲಂಕಾರಕ್ಕೆ ನಿಜವಾಗಿ ದೊರೆಯುವುದು 12 ತಾಸು. ಈ 12 ತಾಸುಗಳಲ್ಲಿ ಚೌಕಟ್ಟು ನಿಲ್ಲದೆ ತಂತಿ ಎಳೆಯುವಂತಿಲ್ಲ, ತಂತಿ ಎಳೆಯದೆ ಬಟ್ಟೆ ಹೊದಿಸುವಂತಿಲ್ಲ, ಬಟ್ಟೆ ಹೊದಿಸದೆ ಹೂವು ಏರಿಸುವಂತಿಲ್ಲ. ಕುರ್ಚಿ ಜೋಡಿಸುವುದು, ನೆಲಹಾಸು ಬಿಚ್ಚುವುದು ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಆ ನಾಲ್ಕು ಕೆಲಸಗಳ ಸರಪಳಿ ಮಾತ್ರ ಎಲ್ಲಿ ತುಂಡಾದರೂ ಕೊನೆಯ ಗಳಿಗೆ ಮುಂದಕ್ಕೆ ಹೋಗುತ್ತದೆ. ಕಾರ್ಖಾನೆಗಳಲ್ಲಿ ಇಂತಹ ಸರಪಳಿಯನ್ನು ಗುರುತಿಸುವ ವಿಧಾನವನ್ನು 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪೆನಿಯಲ್ಲಿ ರೂಪಿಸಿದರು. ನಮ್ಮ ಶಾಮಿಯಾನದವರಿಗೆ ಆ ವಿಧಾನದ ಹೆಸರು ತಿಳಿಯದಿರಬಹುದು. ಬಡಗಿ ಎರಡು ತಾಸು ತಡವಾದರೆ ಹೂವಿನವನು ಎರಡು ತಾಸು ಕೈಕಟ್ಟಿ ಕೂರುತ್ತಾನೆಂಬುದು ಅವರಿಗೆ ಚೆನ್ನಾಗಿ ತಿಳಿದಿದೆ.

ಎಣಿಕೆಯನ್ನು ಇನ್ನೂ ಹಿಂದಕ್ಕೆ ಒಯ್ದರೆ ಅಳತೆಯ ಪ್ರಶ್ನೆ ಎದುರಾಗುತ್ತದೆ. ಸಭಾಂಗಣದ ಉದ್ದಗಲವನ್ನು ಎಲ್ಲರೂ ಅಳೆಯುತ್ತಾರೆ. ಬಾಗಿಲ ಅಗಲವನ್ನು ಅಳೆಯುವವರು ವಿರಳ. ಕಾರ್ಯಾಗಾರದಲ್ಲಿ ಅಚ್ಚುಕಟ್ಟಾಗಿ ಸಿದ್ಧವಾದ 8 ಅಡಿ ಅಗಲದ ಹಲಗೆ 6 ಅಡಿಯ ಬಾಗಿಲ ಮುಂದೆ ನಿಂತರೆ ಮಧ್ಯರಾತ್ರಿ ಗರಗಸ ಹಿಡಿಯಬೇಕಾಗುತ್ತದೆ. ಲಾರಿ ಎಲ್ಲಿಯವರೆಗೆ ಬರುತ್ತದೆ, ಮೆಟ್ಟಿಲುಗಳೆಷ್ಟು, ಮೇಲ್ಛಾವಣಿಗೆ ಕೊಕ್ಕೆಯುಂಟೋ ಇಲ್ಲವೋ, ಗೋಡೆಗೆ ಮೊಳೆ ಹೊಡೆಯಲು ಒಪ್ಪಿಗೆಯಿದೆಯೋ, ಇವೆಲ್ಲವನ್ನು ಸ್ಥಳಕ್ಕೆ ಹೋಗಿ ನೋಡಿಯೇ ತಿಳಿಯಬೇಕು.

ಹೂವಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸೂಕ್ಷ್ಮ. 2008ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆ, ಅಂದರೆ ನಮ್ಮ ಶಂಕರಪುರದ ಮಲ್ಲಿಗೆ, ತೂಕಕ್ಕೆ ಮಾರುವ ಹೂವಲ್ಲ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ಬೆಲೆ ದಿನದಿನಕ್ಕೂ ನಿಗದಿಯಾಗುತ್ತದೆ. ಮದುವೆಗಳು ಒತ್ತೊತ್ತಾಗಿ ಬಂದಾಗ ಏರುತ್ತದೆ, ಬೇಡಿಕೆ ಇಳಿದಾಗ ಕುಸಿಯುತ್ತದೆ. ಹೀಗಿರುವಾಗ ಮೂರು ತಿಂಗಳ ಮೊದಲು ಒಂದೇ ಮೊತ್ತಕ್ಕೆ ಹೂವಿನ ಗುತ್ತಿಗೆ ಒಪ್ಪಿಕೊಂಡವನು ಬೆಲೆ ಏರಿದ ದಿನ ಏನು ಮಾಡಿಯಾನು? ಹತ್ತು ಅಟ್ಟೆಯ ಕಡೆ ಆರು ಅಟ್ಟೆ ತಂದು ಉಳಿದುದಕ್ಕೆ ಪ್ಲಾಸ್ಟಿಕ್ ಹೂವು ಸೇರಿಸುತ್ತಾನೆ. ಇದನ್ನು ವಂಚನೆಯೆಂದು ಜರೆಯುವ ಮೊದಲು ಒಪ್ಪಂದವನ್ನು ನೋಡಬೇಕು. ಅಟ್ಟೆಗಳ ಸಂಖ್ಯೆಯನ್ನು ಬರೆದು, ಬೆಲೆಯನ್ನು ಆ ದಿನದ ದರಕ್ಕೆ ಬಿಟ್ಟು, ಇಂತಿಷ್ಟರ ಮೇಲೆ ಹೋದರೆ ಬದಲಿ ಹೂವು ಯಾವುದೆಂದು ಮೊದಲೇ ನಮೂದಿಸಿದ್ದರೆ ಇಬ್ಬರಿಗೂ ನೆಮ್ಮದಿ. ಘಟ್ಟ ಇಳಿದು ಬರುವ ಗುಲಾಬಿ, ಜರ್ಬೆರಾಗಳಿಗೆ ದಾರಿಯ ಭಯವೂ ಉಂಟು. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯ ಸಂಚಾರ ನಿಂತುಹೋದುದನ್ನು ಕರಾವಳಿಯ ವ್ಯಾಪಾರಿಗಳು ಮರೆತಿರಲಾರರು. ಮಳೆಗಾಲದ ಸಮಾರಂಭಕ್ಕೆ ಸ್ಥಳೀಯ ಹೂವು, ಎಲೆ, ತೆಂಗಿನ ಗರಿಗಳನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಂಡವರೇ ಜಾಣರು.

ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನವೂ ಕದಲದ ದಿನಗಳಿಗೆ ಕಟ್ಟುಬಿದ್ದ ಕೆಲಸ. ಕುಂಡದ ಗಿಡಗಳು ಆ ವಾರದಲ್ಲೇ ಅರಳಬೇಕಾದರೆ ಬೀಜ ಬಿತ್ತುವುದು ತಿಂಗಳುಗಳ ಹಿಂದೆ. ಕೊಯ್ದ ಹೂವಿನಿಂದ ಕಟ್ಟಿದ ಬೃಹತ್ ಮಾದರಿಯಾದರೋ ಪ್ರದರ್ಶನದ ನಡುವೆಯೇ ಬಾಡುವುದರಿಂದ ಹೂವನ್ನು ಮತ್ತೊಮ್ಮೆ ಹೊಸದಾಗಿ ತುಂಬುತ್ತಾರೆ. ಒಂದು ಅಲಂಕಾರಕ್ಕೆ ಎರಡು ಸಲದ ಹೂವಿನ ವೆಚ್ಚ ಹಿಡಿಯಬೇಕೆಂಬುದು ನೋಡುಗನಿಗೆ ಹೊಳೆಯುವ ಮಾತಲ್ಲ.

ಅಂಗಡಿಯ ಗಾಜಿನ ಹಿಂದೆ

ಸಮಾರಂಭದ ಅಲಂಕಾರ ಒಂದು ದಿನದ್ದು. ಅಂಗಡಿಯ ಷೋಕೇಸಿನ ಅಲಂಕಾರ ವಾರಗಟ್ಟಲೆ ನಿಲ್ಲುವಂಥದ್ದು. ಇದನ್ನು ಒಂದು ವಿದ್ಯೆಯಾಗಿ ಬೆಳೆಸಿದವರಲ್ಲಿ ಅಮೆರಿಕದ ಎಲ್. ಫ್ರಾಂಕ್ ಬಾಮ್ ಪ್ರಮುಖರು. ಮಕ್ಕಳ ಪ್ರಿಯ ಮಾಂತ್ರಿಕ ಆಜ್‌ನ ಕಥೆಯನ್ನು ಬರೆದವರು ಇವರೇ. 1897ರಲ್ಲಿ ಷಿಕಾಗೊ ನಗರದಲ್ಲಿ ಅಂಗಡಿಯ ಷೋಕೇಸುಗಳಿಗೆಂದೇ ಅವರು ಒಂದು ಪತ್ರಿಕೆ ಆರಂಭಿಸಿದರು. 1900ರಲ್ಲಿ ಆಜ್ ಕಥೆಯೂ ಅಂಗಡಿ ಅಲಂಕಾರದ ಕೈಪಿಡಿಯೂ ಒಂದೇ ವರ್ಷ ಹೊರಬಂದವು. ಅದೇ ಷಿಕಾಗೊದ ಮಾರ್ಷಲ್ ಫೀಲ್ಡ್ ಮಳಿಗೆಯಲ್ಲಿ ಪಳಗಿದ ಗಾರ್ಡನ್ ಸೆಲ್ಫ್ರಿಜ್ 1909ರ ಮಾರ್ಚ್ 15ರಂದು ಲಂಡನ್ನಿನಲ್ಲಿ ತಮ್ಮ ಮಳಿಗೆ ತೆರೆದರು. ಅಂಗಡಿ ಮುಚ್ಚಿದ ಮೇಲೂ ರಾತ್ರಿ ಷೋಕೇಸುಗಳ ದೀಪ ಉರಿಯುವಂತೆ ಮಾಡಿ, ಹಾದುಹೋಗುವವರು ನಿಂತು ನೋಡುವಂತೆ ಮಾಡಿದರು.

ಯೋಜನೆ ತಪ್ಪಿದರೆ ಏನಾಗುತ್ತದೆಂಬುದಕ್ಕೂ ಈ ಇತಿಹಾಸದಲ್ಲೇ ಒಂದು ಪ್ರಸಂಗವಿದೆ. 1939ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಬಾನ್ವಿಟ್ ಟೆಲ್ಲರ್ ಮಳಿಗೆಯವರು ಚಿತ್ರಕಾರ ಸಾಲ್ವಡಾರ್ ಡಾಲಿಯಿಂದ ಎರಡು ಷೋಕೇಸುಗಳನ್ನು ಮಾಡಿಸಿದರು. ಆತ ರಾತ್ರಿಯಿಡೀ ದುಡಿದು ಮಲಗಲು ಹೋದ. ಬೆಳಗಾದಾಗ ದಾರಿಹೋಕರ ಆಕ್ಷೇಪಕ್ಕೆ ಅಂಜಿ ಮಳಿಗೆಯವರು ಆತನಿಗೆ ತಿಳಿಸದೆಯೇ ಗೊಂಬೆಗಳನ್ನು ಬದಲಿಸಿದರು. ಸಂಜೆ ಬಂದು ನೋಡಿದ ಡಾಲಿ ಕೋಪದಿಂದ ಒಳನುಗ್ಗಿ ಅಲ್ಲಿದ್ದ ಸ್ನಾನದ ತೊಟ್ಟಿಯನ್ನು ಎಳೆದಾಡಿದ. ತೊಟ್ಟಿ ಜಾರಿ ಗಾಜನ್ನು ಒಡೆಯಿತು, ತೊಟ್ಟಿಯ ಹಿಂದೆಯೇ ಕಲಾವಿದನೂ ಬೀದಿಗೆ ಬಂದ. ಪೊಲೀಸರು ಹಿಡಿದೊಯ್ದರು. ಪತ್ರಿಕೆಗಳಿಗೆ ಅದು ರಸದೌತಣವಾಯಿತೆನ್ನಿ. ನಮ್ಮ ಸಿನಿಕರು ಇದನ್ನು ಕಲಾವಿದನ ಹುಚ್ಚು ಎಂದು ತಳ್ಳಿಹಾಕಬಹುದು. ಆದರೆ ಪೂರ್ತಿಯಾದ ಕೆಲಸಕ್ಕೆ ಒಪ್ಪಿಗೆ ಕೊಡುವವರು ಯಾರು, ಅನಂತರ ಬದಲಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗೆ ಆ ಗಾಜು ಒಡೆಯುವ ಮೊದಲು ಉತ್ತರ ಸಿಕ್ಕಿರಲಿಲ್ಲವೆಂಬುದು ನಿಜ.

ನಮ್ಮ ಮನೆಗಳಲ್ಲಿ ಗಾಜು ಒಡೆಯುವುದಿಲ್ಲ, ಮನಸ್ಸು ಒಡೆಯುತ್ತದೆ. ಮದುಮಗಳು ಬಿಳಿ ಮತ್ತು ಹಸಿರು ಆರಿಸಿರುತ್ತಾಳೆ. ಹಿಂದಿನ ಸಂಜೆ ದುಬೈಯಿಂದ ಬಂದಿಳಿದ ಸೋದರಮಾವ ಕೆಂಪು ಏಕಿಲ್ಲವೆಂದು ಕೇಳುತ್ತಾರೆ. ತಾಯಿಗೆ ಇಬ್ಬರನ್ನೂ ನೋಯಿಸುವ ಮನಸ್ಸಿಲ್ಲ. ಅಲಂಕಾರದವನು ಮೂವರ ಮಾತಿಗೂ ತಲೆಯಾಡಿಸಿ, ರಾತ್ರಿಯೊಳಗೆ ಕೆಂಪು ಬಟ್ಟೆ ಹುಡುಕುತ್ತ ಅಲೆಯುತ್ತಾನೆ. ಹೆಚ್ಚಿನ ಖರ್ಚು ಯಾರದೆಂಬ ವಾಗ್ವಾದ ಮದುವೆಯಾದ ಮೇಲೆ. ಮನೆಯ ಕಡೆಯಿಂದ ಒಬ್ಬರೇ ಮಾತಾಡುವವರಿರಬೇಕು, ಇಂತಹ ದಿನದ ನಂತರ ಬದಲಾವಣೆ ಬೇಕೆಂದರೆ ಅದರ ಬೆಲೆಯನ್ನು ಬರೆದುಕೊಟ್ಟು ಸಹಿ ಪಡೆಯಬೇಕು. ಬಂಧುಗಳ ನಡುವೆ ಸಹಿಯ ಮಾತೆತ್ತುವುದು ಬಿಗುಮಾನವೆನಿಸೀತು. ವರ್ಷಗಟ್ಟಲೆ ಮುಖ ತಿರುಗಿಸಿ ನಡೆಯುವುದಕ್ಕಿಂತ ಅದು ಎಷ್ಟೋ ವಾಸಿ.

ಅಂಗಡಿಯವರಿಗೆ ಮತ್ತೊಂದು ಎಚ್ಚರವಿದೆ. ಗೊಂಬೆಗೆ ಉಡಿಸಿದ ಸೀರೆಯನ್ನು ನೋಡಿ ಒಳಬಂದ ಗ್ರಾಹಕಿಗೆ ಆ ಸೀರೆ ಮುಗಿದಿದೆಯೆಂದು ಹೇಳಬೇಕಾದರೆ ಷೋಕೇಸಿಗೆ ಸುರಿದ ಹಣ ಅಂಗಡಿಯ ಹೆಸರಿಗೇ ಕುತ್ತಾಗುತ್ತದೆ. ಸರಕು ತರಿಸುವವರೂ ಅಲಂಕರಿಸುವವರೂ ಒಂದೇ ಪಟ್ಟಿಯನ್ನು ನೋಡಿ ಕೆಲಸ ಮಾಡಬೇಕು.

ಕದಲಕೂಡದ ಸಂಗತಿ

ಸಮಯ ಮೀರುತ್ತಿರುವಾಗ ಮೊದಲು ಬಲಿಯಾಗುವುದು ವಿದ್ಯುತ್ತಿನ ಮತ್ತು ಬೆಂಕಿಯ ಎಚ್ಚರಿಕೆ. ತಡವಾದ ರಾತ್ರಿಯಲ್ಲಿ ತಂತಿಯ ಜೋಡಣೆಗೆ ಪಟ್ಟಿ ಸುತ್ತುವುದನ್ನು ಬಿಟ್ಟುಬಿಡುತ್ತಾರೆ, ಪರದೆಯನ್ನು ಎಳೆದು ಹಿಂಬಾಗಿಲನ್ನು ಮರೆಮಾಡುತ್ತಾರೆ. 1000 ವಾಟಿನ ಒಂದು ಹ್ಯಾಲೊಜನ್ ದೀಪ 230 ವೋಲ್ಟಿನಲ್ಲಿ 4 ಆಂಪಿಯರಿಗೂ ಹೆಚ್ಚು ವಿದ್ಯುತ್ ಎಳೆಯುತ್ತದೆ. 16 ಆಂಪಿಯರಿನ ಒಂದು ಪ್ಲಗ್ಗು ಮೂರಕ್ಕಿಂತ ಹೆಚ್ಚು ದೀಪಗಳನ್ನು ಹೊರಲಾರದು. ಎಲ್‌ಇಡಿ ದೀಪಗಳು ಬಂದ ಮೇಲೆ ಈ ಹೊರೆ ಬಹಳ ತಗ್ಗಿದೆಯಾದರೂ ವೀಡಿಯೊದವರು, ಧ್ವನಿವರ್ಧಕದವರು, ಐಸ್‌ಕ್ರೀಮಿನವರು ಎಲ್ಲರೂ ಒಂದೇ ತಂತಿಗೆ ಜೋತುಬಿದ್ದರೆ ಅದೇ ಕಥೆ.

1995ರ ಡಿಸೆಂಬರ್ 23ರಂದು ಹರಿಯಾಣದ ದಬ್ವಾಲಿಯಲ್ಲಿ ಶಾಲಾ ವಾರ್ಷಿಕೋತ್ಸವ ನಡೆಯುತ್ತಿದ್ದ ಶಾಮಿಯಾನಕ್ಕೆ ಬೆಂಕಿ ಬಿದ್ದು, ಸಿಂಥೆಟಿಕ್ ಬಟ್ಟೆ ಉರಿದು ಮೈಮೇಲೆ ಸುರಿದು, ಹೊರಬೀಳಲು ದಾರಿ ಸಾಲದೆ 400ಕ್ಕೂ ಹೆಚ್ಚು ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪದಲ್ಲಿ ಚಪ್ಪರಕ್ಕೆ ಬೆಂಕಿ ತಗುಲಿ ಮದುಮಗನೂ ಸೇರಿದಂತೆ 50ಕ್ಕೂ ಹೆಚ್ಚು ಜನ ಸಾವಿಗೀಡಾದರು. 2023ರ ಸೆಪ್ಟೆಂಬರ್ 26ರ ರಾತ್ರಿ ಇರಾಕಿನ ಕರಕೋಷ್ ಎಂಬ ಪುರಾತನ ಕ್ರೈಸ್ತ ಪಟ್ಟಣದ ಮದುವೆಯಲ್ಲಿ ವಧೂವರರು ನರ್ತಿಸುತ್ತಿರುವಾಗ ಒಳಗೇ ಹಚ್ಚಿದ ಬಾಣಬಿರುಸಿನ ಕಿಡಿ ಛಾವಣಿಯ ಅಲಂಕಾರಕ್ಕೆ ತಗುಲಿತು. ಸುಲಭವಾಗಿ ಉರಿಯುವ ಅಗ್ಗದ ಸಾಮಗ್ರಿಯಿಂದ ಮಾಡಿದ್ದ ಆ ಸಭಾಂಗಣ ಕ್ಷಣಗಳಲ್ಲಿ ಕುಸಿದು 100ಕ್ಕೂ ಹೆಚ್ಚು ಮಂದಿ ಬಲಿಯಾದರು. ಯುದ್ಧದಿಂದ ನಲುಗಿ ಮರಳಿ ಊರು ಕಟ್ಟಿಕೊಂಡಿದ್ದ ಜನ ಅವರು.

ತಣ್ಣನೆಯ ಬೆಳಕಿನ ಪಟಾಕಿಯೆಂದು ಹೆಸರಿಟ್ಟು ನಮ್ಮ ಸಭಾಂಗಣಗಳಲ್ಲೂ ಕಿಡಿಯ ಕಾರಂಜಿ ಹಾರಿಸುವ ಚಾಳಿ ಬೆಳೆಯುತ್ತಿದೆ. ಮೇಲೆ ಬಟ್ಟೆ, ಸುತ್ತ ಒಣಹೂವು, ಕೆಳಗೆ ಮಕ್ಕಳು. ಚರ್ಚಿನ ಗೋದಲಿಯಲ್ಲೂ ಒಣಹುಲ್ಲಿನ ಮೇಲೆ ವಾರಗಟ್ಟಲೆ ಸೀರಿಯಲ್ ದೀಪಗಳು ಉರಿಯುತ್ತವೆ. ಗುತ್ತಿಗೆ ಪತ್ರದಲ್ಲಿ ಕಮಾನಿನ ಎತ್ತರ ಬರೆದಷ್ಟೇ ಸ್ಪಷ್ಟವಾಗಿ ಎರಡು ಬಾಗಿಲುಗಳ ಮುಂದೆ ಏನನ್ನೂ ಕಟ್ಟಕೂಡದೆಂದು, ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿರಬೇಕೆಂದು, ಕಾರ್ಯಕ್ರಮ ಮುಗಿಯುವವರೆಗೂ ವಿದ್ಯುತ್ ಕೆಲಸದವನು ಸ್ಥಳ ಬಿಡಬಾರದೆಂದು ಬರೆಯಬೇಕು. ಸಮಯ ಸಾಲದಿದ್ದರೆ ಕಮಾನನ್ನು ಕೈಬಿಡೋಣ. ಅತಿಥಿಗಳಾರೂ ಅದನ್ನು ಕೇಳುವುದಿಲ್ಲ.

ಥರ್ಮೊಕೋಲಿನ ಮಾತೂ ಇಲ್ಲಿಯೇ ಬರುತ್ತದೆ. 2022ರ ಜುಲೈ 1ರಿಂದ ಅಲಂಕಾರಕ್ಕೆ ಥರ್ಮೊಕೋಲ್ ಬಳಸುವುದನ್ನು ದೇಶಾದ್ಯಂತ ನಿಷೇಧಿಸಲಾಗಿದೆ. ಆದರೂ ಮದುವೆಯ ವೇದಿಕೆಯ ಅಕ್ಷರಗಳಿಂದ ಹಿಡಿದು ಗೋದಲಿಯ ಹಿಮದವರೆಗೆ ಅದು ಕದ್ದುಮುಚ್ಚಿ ಬರುತ್ತಲೇ ಇದೆ. ರಟ್ಟು, ಬಿದಿರು, ಬಟ್ಟೆಗಳಲ್ಲಿ ಅದೇ ಕೆಲಸವಾಗುತ್ತದೆ. ಆದರೆ ಕತ್ತರಿಸಿ ಅಂಟಿಸಲು ಎರಡು ದಿನ ಹೆಚ್ಚು ಹಿಡಿಯುತ್ತದೆ. ಆ ಎರಡು ದಿನಗಳನ್ನು ಪಟ್ಟಿಯಲ್ಲಿ ಮೊದಲೇ ಇಟ್ಟುಕೊಳ್ಳದವರೇ ಕೊನೆಗೆ ಥರ್ಮೊಕೋಲಿನ ಅಂಗಡಿಗೆ ಓಡುವುದು.

ಇನ್ನು ಬಿಚ್ಚುವ ಕೆಲಸ. ಕಟ್ಟುವುದಕ್ಕೆ ಇಪ್ಪತ್ತು ಮಂದಿಯನ್ನು ಹೊಂದಿಸಿದವರು ಬಿಚ್ಚುವುದಕ್ಕೆ ಇಬ್ಬರನ್ನು ಉಳಿಸಿಕೊಂಡಿರುತ್ತಾರೆ. ಅವರೂ ಹಿಂದಿನ ರಾತ್ರಿ ಮಲಗಿಲ್ಲ; ಅಂಥವರನ್ನೇ ಏಣಿ ಹತ್ತಿಸಿ ದೀಪ ಇಳಿಸುವಾಗ ಕೈಕಾಲು ಮುರಿಯುತ್ತದೆ. ಬಿಚ್ಚಲು ಬೇರೆ ಆಳುಗಳು, ಅವರಿಗೆ ಬೇರೆ ಕೂಲಿ, ಊಟ, ಮನೆಗೆ ಮರಳಲು ವಾಹನ, ಇಷ್ಟನ್ನೂ ಮೊದಲ ದಿನದ ಅಂದಾಜಿನಲ್ಲೇ ಸೇರಿಸಬೇಕು. ಬಾಡಿಗೆಗೆ ತಂದ ಕಂಬ, ಪರದೆ, ಕುರ್ಚಿಗಳನ್ನು ಎಣಿಸಿ ಲಾರಿಗೇರಿಸಿ, ಬಾಡಿದ ಹೂವನ್ನು ಗೊಬ್ಬರಕ್ಕೆಂದು ಬೇರ್ಪಡಿಸಿ, ನೆಲ ಗುಡಿಸಿ ಬೀಗದ ಕೈ ಒಪ್ಪಿಸುವ ಹೊತ್ತಿಗೆ ಹೊರಗೆ ಮರುದಿನದ ಮದುವೆಯವರ ಲಾರಿ ಬಂದು ನಿಂತಿರುತ್ತದೆ.