‘ನೀ ಕುಂದರು’ ಅನ್ನುವ ಮುನ್ನ

“ಯವ್ವಾ, ನೀ ಕುಂದರು, ನಾ ತರ್ತೇನಿ.” ರೋಣ ತಾಲ್ಲೂಕಿನ ಅಸೂಟಿಯಂಥ ಎರೆಸೀಮೆಯ ಊರುಗಳಲ್ಲಿ ಮನೆಮನೆಯಲ್ಲೂ ಕೇಳುವ ಮಾತಿದು. ವಯಸ್ಸಾದವರು ನೀರಿನ ತಂಬಿಗೆಗೆ ಕೈ ಹಾಕಿದರೂ ಸೊಸೆ ಓಡಿಬಂದು ಇಸಿದುಕೊಳ್ಳುತ್ತಾಳೆ. ಅದರಲ್ಲಿರುವ ಅಂತಃಕರಣ ದೊಡ್ಡದು. ಆದರೆ ದಿನಕ್ಕೆ ಹತ್ತಾರು ಸಲ ಹೀಗೆ ಕೂರಿಸುತ್ತ ಹೋದರೆ ಆ ಯವ್ವನ ತೊಡೆಯ ಸ್ನಾಯುಗಳು ಸೊರಗುತ್ತವೆ.

ಈ ಭಾಗದ ಹಿರಿಯರು ವ್ಯಾಯಾಮ ಅಂತ ಬೇರೆ ಮಾಡಿದವರಲ್ಲ. ಹಿಂಗಾರಿಯ ಕಡಲೆ ಕೀಳುವಾಗ ಇಡೀ ದಿನ ಕುಕ್ಕರಗಾಲಲ್ಲಿ ಕೂತು ಸರಿಯುವುದು, ಬೀಸುಕಲ್ಲು ತಿರುಗಿಸುವುದು, ಸೊಂಟದ ಮೇಲೆ ಕೊಡ ಹೊರುವುದು, ನೆಲಕ್ಕೆ ಕೂತು ರೊಟ್ಟಿ ಬಡಿಯುವುದು, ಅದೇ ಅವರ ಸಾಧನೆ. ಹಿಟ್ಟಿನ ಗಿರಣಿ, ನಳ, ರಾಶಿ ಯಂತ್ರ ಬಂದು ಹೆಣ್ಣುಮಕ್ಕಳ ಬೆನ್ನು ಉಳಿಸಿದವು, ಒಳ್ಳೆಯದೇ ಆಯಿತು. ಹೋದ ದುಡಿತದ ಜಾಗಕ್ಕೆ ಮಾತ್ರ ಏನೂ ಬರಲಿಲ್ಲ.

ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ‘ಸಾರ್ಕೋಪೀನಿಯಾ’ ಎಂದು ಹೆಸರಿಟ್ಟರು. ಮೂವತ್ತು ದಾಟಿದ ಮೇಲೆ ಮೆಲ್ಲಗೆ ಶುರುವಾಗುವ ಈ ಸವೆತ ಅರವತ್ತರ ನಂತರ ಬಿರುಸಾಗುತ್ತದೆ. ಹೆಚ್ಚು ಸವೆಯುವುದು ಚುರುಕಾಗಿ ಕೆಲಸ ಮಾಡುವ ಎಳೆಗಳು. ಹೊಸ್ತಿಲು ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಮೈ ಹಿಡಿಯುವುದು ಇವೇ ಎಳೆಗಳ ಬಲದಿಂದ. ಹೀಗಾಗಿ ಎಂಬತ್ತರ ಅಜ್ಜ ನಿಧಾನಕ್ಕೆ ನಡೆಯಬಲ್ಲ, ಎಡವಿದರೆ ಮಾತ್ರ ನೇರ ನೆಲಕ್ಕೆ.

2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿದರು. ಕಾಲುಗಳಿಂದ ಸುಮಾರು 1 ಕಿಲೋ ಸ್ನಾಯು ಹೋಗಿತ್ತು. ಜ್ವರ ಬಂದು ಮಲಗಿದ ಯವ್ವ ಜ್ವರ ಬಿಟ್ಟ ಮೇಲೂ ಯಾಕೆ ಏಳಲಾರಳು ಎನ್ನುವುದಕ್ಕೆ ಉತ್ತರ ಇಲ್ಲಿದೆ. ಅದಕ್ಕಿಂತ ನನಗೆ ದೊಡ್ಡದೆನಿಸುವುದು ಸಂಶೋಧಕಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದ್ದು. ವೃದ್ಧಾಶ್ರಮದಲ್ಲಿದ್ದ, 86ರಿಂದ 96 ವಯಸ್ಸಿನ 10 ಮಂದಿಗೆ ಕಾಲಿನಿಂದ ಭಾರ ಎತ್ತುವ ತರಬೇತಿ ಕೊಟ್ಟರು. 8 ವಾರ ಪೂರೈಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತ್ತು. ಗರಡಿಮನೆಯಲ್ಲಿ ಸಂಗ್ರಾಣಿ ಕಲ್ಲೆತ್ತುವ ಹುಡುಗನ ಸ್ನಾಯುವಿಗೆ ಇರುವ ನಿಯಮವೇ ತೊಂಬತ್ತರ ಅಜ್ಜನದಕ್ಕೂ: ತುಸು ಭಾರ ಎನಿಸುವಷ್ಟು ಕೆಲಸ ಕೊಟ್ಟರೆ ಗಟ್ಟಿಯಾಗುತ್ತದೆ.

ಮನೆಯಲ್ಲಿ ಶುರು ಮಾಡಲು ಒಂದು ಕುರ್ಚಿ ಸಾಕು. ಹೊರಸು ಬೇಡ, ನಡುವೆ ಜೋತು ಬಿದ್ದಿರುತ್ತದೆ. ಪ್ಲಾಸ್ಟಿಕ್ ಕುರ್ಚಿಯಾದರೆ ಜಾರದಂತೆ ಬೆನ್ನನ್ನು ಗೋಡೆಗೆ ಒತ್ತಿಸಿಡಿ. ತುದಿಗೆ ಸರಿದು ಕೂತು, ಪಾದಗಳನ್ನು ಕುರ್ಚಿಯ ಕಡೆಗೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತ ಏಳಬೇಕು. ಉಸಿರು ಬಿಗಿಹಿಡಿದರೆ ಬಿ.ಪಿ. ಏರುತ್ತದೆ. ಕೂರುವಾಗ ದೊಪ್ಪನೆ ಬೀಳಬಾರದು. ಮನಸ್ಸಿನಲ್ಲೇ ಮೂರು ಎಣಿಸುತ್ತ ಇಳಿಯಬೇಕು, ತೊಡೆಗೆ ನಿಜವಾದ ಕೆಲಸ ಬೀಳುವುದು ಆಗಲೇ. ಮೊದಮೊದಲು ಕೈ ಊರಿದರೂ ಅಡ್ಡಿಯಿಲ್ಲ. ಐದು ಸಲ ಹಗುರಾದಾಗ ಎಂಟಕ್ಕೆ ಹೋಗಬಹುದು.

ಬಾಗಿಲ ಚೌಕಟ್ಟು ಹಿಡಿದು ಹಿಮ್ಮಡಿ ಎತ್ತಿಳಿಸುವುದು, ಗೋಡೆ ಪಕ್ಕ ಒಂದು ಪಾದದ ಮುಂದೆ ಇನ್ನೊಂದಿಟ್ಟು ನಡೆಯುವುದು ಸಮತೋಲನಕ್ಕೆ. ನ್ಯೂಜಿಲೆಂಡಿನ ಒಟಾಗೊದಲ್ಲಿ ಇಂಥ ವ್ಯಾಯಾಮಗಳನ್ನೇ ಮನೆಯಲ್ಲಿ ಮಾಡಿಸಿದಾಗ ಹಿರಿಯರು ಬೀಳುವುದು ಸುಮಾರು ಮೂರನೇ ಒಂದರಷ್ಟು ತಗ್ಗಿತು.

“ಮೊಣಕಾಲು ಹಿಡದಾವ, ಹೆಂಗ ಏಳ್ಲಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಮಡಿಚಿ ಬಿಚ್ಚಿದಾಗ ಒಳಗಿನ ದ್ರವ ಓಡಾಡಿ ಅದಕ್ಕೆ ಪೋಷಣೆ ಒದಗುತ್ತದೆ. ತೊಡೆ ಗಟ್ಟಿಯಾದಷ್ಟೂ ಮೊಣಕಾಲಿನ ನೋವು ಇಳಿಯುವುದು ಸಾಮಾನ್ಯ. ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿಕೊಂಡರೆ ಶುರು ಮಾಡಬಹುದು. ಕೀಲು ಊದಿದ್ದರೆ ಮೊದಲು ವೈದ್ಯರಿಗೆ ತೋರಿಸಿ.

ನೆಲಕ್ಕೆ ಕೂತು ಏಳಬಲ್ಲವರನ್ನು ದಯವಿಟ್ಟು ಕುರ್ಚಿಗೆ ಕಟ್ಟಿಹಾಕಬೇಡಿ. ಬ್ರೆಜಿಲಿನ ಕ್ಲಾಡಿಯೋ ಗಿಲ್ ಅರೌಜೋ ತಂಡ 51ರಿಂದ 80 ವಯಸ್ಸಿನ 2002 ಮಂದಿಯನ್ನು ನೆಲಕ್ಕೆ ಕೂರಿಸಿ ಎಬ್ಬಿಸಿ, ವರ್ಷಗಟ್ಟಲೆ ಅವರ ಬೆನ್ನು ಹತ್ತಿತು. ಆಸರೆ ಕಡಿಮೆ ಬೇಕಾದವರೇ ಹೆಚ್ಚು ಬದುಕಿ ಉಳಿದಿದ್ದರು. ಪಡಸಾಲೆಯಲ್ಲಿ ಪಂಕ್ತಿ ಕೂತು ಉಣ್ಣುವ ಮನೆಗೆ ಈ ಕಸರತ್ತು ಪುಕ್ಕಟೆ ಸಿಗುತ್ತದೆ.

ಸ್ನಾಯು ಕಟ್ಟಲು ಪ್ರೋಟೀನ್ ಬೇಕು, ವಯಸ್ಸಾದವರಿಗೆ ತುಸು ಹೆಚ್ಚೇ ಬೇಕು. ಎರೆಹೊಲದ ಕಡಲೆ, ಹೆಸರು, ಮಡಕಿಕಾಳು, ಶೇಂಗಾ ಹಿಂಡಿ, ಮೊಸರು ಮನೆಯಲ್ಲೇ ಇವೆ. ಹಲ್ಲಿಲ್ಲದವರಿಗೆ ಕಾಳು ನುಣ್ಣಗೆ ಬೇಯಿಸಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಫಲ ಕಾಣಲು ಒಂದು ಸರಳ ಅಳತೆಯಿದೆ. ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಂದು ಎಣಿಸಿ, ಪಕ್ಕದಲ್ಲೊಬ್ಬರು ನಿಂತಿರಲಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಬಳಸುವ ಲೆಕ್ಕದಲ್ಲಿ 70–74 ವಯಸ್ಸಿನ ಹೆಣ್ಣುಮಕ್ಕಳು 10ಕ್ಕಿಂತ, ಗಂಡಸರು 12ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. ಮೊಮ್ಮಗ ಮೊಬೈಲಿನಲ್ಲಿ ಸಮಯ ಹಿಡಿಯಲಿ, ತಿಂಗಳಿಗೊಮ್ಮೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲಿ. ಅಂಕಿ ಇಳಿಯುತ್ತ ಬಂದರೆ ಬಿ.ಪಿ., ಶುಗರ್ ನೋಡಲು ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಅದನ್ನೂ ತೋರಿಸಿ.