ಕೀನ್ಯಾ, ನೈಜರ್ ಮತ್ತು ನಮ್ಮಕ್ಕನ ಪ್ರಶ್ನೆ

ಹೈದರಾಬಾದಿನ ಆಫೀಸಿನಲ್ಲಿ ನನ್ನದು ಅಂಕಿ-ಅಂಶಗಳನ್ನು ಚಾರ್ಟ್ ಮಾಡಿಕೊಡುವ ಕೆಲಸ. ಕಳೆದ ತಿಂಗಳು ವಿದೇಶಿ ಕ್ಲೈಂಟ್ ಒಬ್ಬರಿಂದ ಒಂದು ಬೇಡಿಕೆ ಬಂತು. ಕೀನ್ಯಾ ಮತ್ತು ನೈಜರ್‌ನಲ್ಲಿ 15ರಿಂದ 19 ವರ್ಷದ ಹುಡುಗಿಯರು 2050ರ ಹೊತ್ತಿಗೆ ಎಷ್ಟು ಓದಿರುತ್ತಾರೆ? ಒಂದೇ ಸ್ಲೈಡಿನಲ್ಲಿ ತೋರಿಸಬೇಕು. (ನೈಜೀರಿಯಾ ಅಲ್ಲ, ಅದರ ಉತ್ತರಕ್ಕಿರುವ ನೈಜರ್. ಮೊದಲ ದಿನ ನಾನೇ ತಪ್ಪು ದೇಶದ ಫೈಲ್ ಇಳಿಸಿಕೊಂಡಿದ್ದೆ.)

ಇಂಥ ಲೆಕ್ಕ ಸಿಗುವುದು ಆಸ್ಟ್ರಿಯಾದ ವಿಯೆನ್ನಾದಲ್ಲಿರುವ ವಿಟ್‌ಗೆನ್‌ಸ್ಟೈನ್ ಕೇಂದ್ರದಲ್ಲಿ. ಅವರು ಪ್ರತಿ ದೇಶದ ಜನರನ್ನು ವಯಸ್ಸು, ಲಿಂಗದ ಜೊತೆಗೆ ಓದಿನ ಮಟ್ಟದಿಂದಲೂ ವಿಂಗಡಿಸುತ್ತಾರೆ. ಶಾಲೆಗೇ ಹೋಗದವರು, ಪ್ರಾಥಮಿಕ ಅರ್ಧಕ್ಕೆ ಬಿಟ್ಟವರು, ಮುಗಿಸಿದವರು, ಹೀಗೆ ಮೇಲಕ್ಕೆ. ಇದು ಯುಗಾದಿಯ ಪಂಚಾಂಗ ಶ್ರವಣವಲ್ಲ. ಶಾಲೆಗೆ ಸೇರುವವರ ಪ್ರಮಾಣ ಹೀಗೆ ಸಾಗಿದರೆ ಫಲಿತಾಂಶ ಹೀಗಿರುತ್ತದೆ ಅನ್ನುವ ಲೆಕ್ಕ, ಅಷ್ಟೆ. ಇದರ ಬಲ ಒಂದು ಸರಳ ಸಂಗತಿಯಲ್ಲಿದೆ. ಹೆಚ್ಚಿನವರ ಓದು ಚಿಕ್ಕ ವಯಸ್ಸಿಗೇ ಮುಗಿದುಹೋಗುತ್ತದೆ. ಇವತ್ತು 18ರಲ್ಲಿ ಅಕ್ಷರ ಬಾರದ ಹುಡುಗಿ ಇಪ್ಪತ್ತು ವರ್ಷದ ನಂತರ ಬಹುಪಾಲು ಅಕ್ಷರ ಬಾರದ 38ರ ತಾಯಿಯೇ.

ಆದರೆ 15-19 ಅನ್ನುವ ವಯಸ್ಸು ಮೋಸ ಮಾಡುತ್ತದೆ. ಪ್ರೌಢ ಶಿಕ್ಷಣ ಮುಗಿಸಿದವರನ್ನು ಮಾತ್ರ ಎಣಿಸಿ ಚಾರ್ಟ್ ಮಾಡಿದೆ. ಎರಡೂ ದೇಶದ ಕಂಬ ಗಿಡ್ಡವಾಗಿಯೇ ಬಂದವು. ಪಕ್ಕದ ಕುರ್ಚಿಯವರು ನೋಡಿ, "ಎರಡೂ ಒಂದೇ ಕಥೆ ಬಿಡಿ" ಅಂದರು. ಅಲ್ಲವೇ ಅಲ್ಲ. ಕೀನ್ಯಾದ ಹಳೆಯ 8-4-4 ಪದ್ಧತಿಯಲ್ಲಿ ಪ್ರೌಢಶಾಲೆ ಮುಗಿಯುವಾಗ ಹುಡುಗಿಗೆ 18 ಆಗಿರುತ್ತದೆ. ಹದಿನಾರರವಳು ಇನ್ನೂ ತರಗತಿಯಲ್ಲಿ ಕೂತಿದ್ದಾಳೆ, ನನ್ನ ಚಾರ್ಟ್ ಅವಳನ್ನು ನಪಾಸು ಮಾಡಿತ್ತು. ಎರಡು ದಿನ ಕೂತು ಬದಲಿಸಿದೆ. ಈ ವಯಸ್ಸಿನಲ್ಲಿ ಶಾಲೆ ಮೆಟ್ಟಿಲನ್ನೇ ಹತ್ತದವರೆಷ್ಟು ಅಂತ ಒಂದು ಕಂಬ. ಅದೇ ಹುಡುಗಿಯರು 20-24 ತಲುಪಿದಾಗ ಎಲ್ಲಿರುತ್ತಾರೆ ಅಂತ ಇನ್ನೊಂದು. ಆಗ ಎರಡು ದೇಶಗಳ ಅಂತರ ಕಣ್ಣಿಗೆ ಹೊಡೆಯಿತು.

ಕೀನ್ಯಾದಲ್ಲಿ 2003ರ ಜನವರಿಯಲ್ಲಿ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ರದ್ದು ಮಾಡಿತು, ಮಕ್ಕಳು ನುಗ್ಗಿ ಬಂದರು. ಮರುವರ್ಷ ಕಿಮಾನಿ ಮರುಗೆ ಅನ್ನುವ 84ರ ಅಜ್ಜ ಕೂಡ ಒಂದನೇ ಕ್ಲಾಸಿಗೆ ಸೇರಿದ್ದು ಜಗತ್ತಿಗೇ ಸುದ್ದಿಯಾಯಿತು. 2017ರಲ್ಲಿ ಶಾಲಾ ಹುಡುಗಿಯರಿಗೆ ಉಚಿತ ಸ್ಯಾನಿಟರಿ ಪ್ಯಾಡ್ ಕೊಡುವುದನ್ನು ಕಾನೂನೇ ಮಾಡಿದರು. ಹಾಗಂತ ಎಲ್ಲ ಸರಿಯಿಲ್ಲ, ಉತ್ತರದ ಟುರ್ಕಾನಾ, ಮಂಡೇರಾ ಕಡೆ ಕಥೆ ಬೇರೆ.

ನೈಜರ್ ಸಹಾರಾದ ಅಂಚಿನ ದೇಶ. ಮನೆಯಲ್ಲಿ ಹೌಸಾ ಅಥವಾ ಝರ್ಮಾ, ಶಾಲೆಯಲ್ಲಿ ಹೆಚ್ಚಾಗಿ ಫ್ರೆಂಚ್. ಪ್ರಾಥಮಿಕದ ಮೇಲಿನ ಓದಿಗೆ ಹಳ್ಳಿ ಬಿಟ್ಟು ಪೇಟೆಗೆ ಹೋಗಬೇಕು, ನೆಂಟರ ಮನೆಯಲ್ಲಿರಬೇಕು. 2012ರ ಸಮೀಕ್ಷೆ ಪ್ರಕಾರ 20-24ರ ಹೆಣ್ಣುಮಕ್ಕಳಲ್ಲಿ ಶೇ. 76ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಒಬ್ಬ ತಾಯಿಗೆ ಸರಾಸರಿ 7.6 ಮಕ್ಕಳು. ಹೀಗಾಗಿ ಶಾಲೆಗೆ ಸೇರುವವರ ಶೇಕಡಾವಾರು ನಿಂತಲ್ಲೇ ನಿಂತರೆ, ಓದದ ಹುಡುಗಿಯರ ತಲೆಲೆಕ್ಕ ನಿಲ್ಲುವುದಿಲ್ಲ, ಏರುತ್ತಲೇ ಹೋಗುತ್ತದೆ. ಕ್ಲೈಂಟಿಗೆ ಬೇಕಿದ್ದದ್ದು ಶೇಕಡಾ ಮಾತ್ರ. ನಾನು ಹಟ ಹಿಡಿದು ತಲೆಲೆಕ್ಕವನ್ನೂ ಪಕ್ಕದಲ್ಲಿಟ್ಟೆ.

ಗೆರೆಗಳು ಯಾವಾಗಲೂ ಮೇಲಕ್ಕೇ ಹೋಗುತ್ತವೆ ಅಂದುಕೊಂಡರೂ ತಪ್ಪು. ಕೀನ್ಯಾದಲ್ಲಿ ತಾಯಿಗೆ ಎಂಟು ಮಕ್ಕಳಿದ್ದ ಸರಾಸರಿ 1998ಕ್ಕೆ 4.7ಕ್ಕೆ ಇಳಿದಿತ್ತು. 2003ರಲ್ಲಿ 4.9! ಯಾಕೆ? ಕೆಬೆಡೆ, ಗೂಜೋನ್, ಲುಟ್ಸ್ ಎಂಬ ಸಂಶೋಧಕರು 2019ರಲ್ಲಿ ಇದನ್ನು ಕೆದಕಿದರು. ಕೀನ್ಯಾವೂ ಸೇರಿ ಹಲವು ಆಫ್ರಿಕನ್ ದೇಶಗಳಲ್ಲಿ ಸುಮಾರು 1980ರ ದಶಕದಲ್ಲಿ ಹುಡುಗಿಯರ ಓದಿಗೆ ಬಿದ್ದ ಪೆಟ್ಟು ಇದಕ್ಕೆ ಭಾಗಶಃ ಕಾರಣ ಅಂದರು. ಆಗ ಶಾಲೆ ತಪ್ಪಿಸಿಕೊಂಡವರು ತಾಯಂದಿರಾದ ಮೇಲೆ ಲೆಕ್ಕದಲ್ಲಿ ಕಾಣಿಸಿಕೊಂಡರು.

ಇದನ್ನು ಓದುವಾಗ ನನಗೆ ಲಿಂಗಸುಗೂರು ಕಡೆಯ ನಮ್ಮೂರು ನೆನಪಾಗದೆ ಇರಲಿಲ್ಲ. ನಮ್ಮಕ್ಕ 1990ರ ದಶಕದಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಳು. ನನಗಿಂತ ಚುರುಕು, ಮಗ್ಗಿ ನನಗೆ ಕಲಿಸಿದವಳೇ ಅವಳು. ಹೈಸ್ಕೂಲು ಒಂಬತ್ತು ಕಿಲೋಮೀಟರ್ ದೂರ, ಬಸ್ಸು ದಿನಕ್ಕೆರಡು. ಸರ್ಕಾರಿ ಸೈಕಲ್ ಬಂದದ್ದು ಆಮೇಲೆ, 2006ರಲ್ಲಿ. ನಾನು ಓದುವಷ್ಟರಲ್ಲಿ ನಮ್ಮ ಕುಟುಂಬ ಪೇಟೆಯಲ್ಲಿ ಮನೆ ಮಾಡಿತ್ತು. ನಮ್ಮಿಬ್ಬರ ನಡುವಿನ ವ್ಯತ್ಯಾಸ ಇಷ್ಟೇ.

ಭಾನುವಾರ ಫೋನಿನಲ್ಲಿ ಅಕ್ಕನಿಗೆ ಈ ಕೆಲಸದ ಬಗ್ಗೆ ಹೇಳಿದೆ. ಅವಳ ಮಗಳು ಈಗ ರಾಯಚೂರಿನಲ್ಲಿ ಬಿ.ಎಸ್ಸಿ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲಿ ಹುಡುಗ್ಯಾರಿಗೆ ಹೈಸ್ಕೂಲು ಎಷ್ಟು ದೂರ ಐತಿ ತಂಗಿ?" ಅಂದಳು.

ನನ್ನ ಎಕ್ಸೆಲ್ ಶೀಟಿನಲ್ಲಿ ವಯಸ್ಸಿತ್ತು, ವರ್ಷವಿತ್ತು, ಓದಿನ ಮಟ್ಟವಿತ್ತು. ದೂರಕ್ಕೆ ಕಾಲಂ ಇರಲಿಲ್ಲ.