ಟಿ.ವಿ.ಗೆ ಸಿಕ್ಕಿಸುವ ಕಡ್ಡಿ: ಕೊಳ್ಳುವ ಮೊದಲು

ಅಡಿಕೆ ಸುಲಿಯಲು ಕೂತಲ್ಲಿ ಧಾರಣೆಯ ಮಾತು ಮುಗಿದೊಡನೆ ಈಗ ಏಳುವ ಇನ್ನೊಂದು ಮಾತು, ಟೆಲಿವಿಷನ್ನಿನ ಹಿಂದೆ ಸಿಕ್ಕಿಸುವ ಕಡ್ಡಿಯದು. “ಮಾಸ್ಟ್ರೇ, ಅದನ್ನು ತಂದರೆ ಕನ್ನಡವೆಲ್ಲ ಬರುತ್ತದಂತೆ, ಹೌದೊ?” ಎಂದು ಕೇಳುವವರು ಹಲವರುಂಟು. ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ನಾವು ಒಂದನ್ನು ಕೊಂಡು ಒಂದು ಮಳೆಗಾಲ, ಒಂದು ಬೇಸಗೆ ಉಪಯೋಗಿಸಿದ್ದೇವೆ. ಕಂಡದ್ದನ್ನು ಕಂಡಂತೆ ಬರೆಯುತ್ತೇವೆ.

ಕೊಳ್ಳಲು ಕಾರಣವಿತ್ತು. ಕಾಸರಗೋಡಿನ ಒಳನಾಡಿನಲ್ಲಿರುವ ನಮ್ಮ ಮನೆಗೆ ಬರುವ ಕೇಬಲಿನಲ್ಲಿ ಒಂದು ತಿಂಗಳು ಇದ್ದಕ್ಕಿದ್ದಂತೆ ಎರಡು ಕನ್ನಡ ಚಾನೆಲುಗಳು ಇಲ್ಲವಾದುವು. ನಮಗೂ ಮಕ್ಕಳಿಗೂ ಮಲೆಯಾಳ ಬರುತ್ತದೆ. ನಮ್ಮ ತಾಯಿಯವರಿಗೆ ಬಾರದು. ಸಂಜೆ ದೀಪ ಹಚ್ಚಿದ ಮೇಲೆ ಅವರು ಆ ಪೆಟ್ಟಿಗೆಯ ಮುಂದೆ ಬಾಯಿಲ್ಲದ ಬೊಂಬೆಯಾಟ ನೋಡುವವರಂತೆ ಕೂತಿರುವುದನ್ನು ಕಂಡು ಈ ಸಾಹಸಕ್ಕೆ ಇಳಿದೆವು.

ಅಮೆಜಾನಿನವರ ‘ಫೈರ್ ಟಿ.ವಿ. ಸ್ಟಿಕ್’ ನಮ್ಮ ದೇಶಕ್ಕೆ ಬಂದದ್ದು 2017ರಲ್ಲಿ, 3,999 ರೂಪಾಯಿಗೆ. 2020ರಲ್ಲಿ ‘ಲೈಟ್’ ಎಂಬ ಅಗ್ಗದ ತಮ್ಮ ಹುಟ್ಟಿದ. ಆಗ ಅವನ ಬೆಲೆ 2,999 ಇತ್ತು. ನಾವು ತಂದದ್ದು ಈ ಲೈಟನ್ನು. ಚಿತ್ರ ಸ್ಪಷ್ಟವಾಗಿಯೇ ಇದೆ. ಆದರೆ ಅದರ ರಿಮೋಟಿನಲ್ಲಿ ಟಿ.ವಿ. ಹಚ್ಚುವ ಗುಂಡಿಯಾಗಲಿ, ಧ್ವನಿ ಏರಿಸುವ ಗುಂಡಿಯಾಗಲಿ ಇಲ್ಲ. ವಯಸ್ಸಾದವರು ಎರಡು ರಿಮೋಟು ಹಿಡಿದು ಪರದಾಡಬೇಕು. ಸಾವಿರ ರೂಪಾಯಿ ಉಳಿಸಿದ್ದಕ್ಕೆ ದಿನಾ ನಾಲ್ಕು ಸಲ ಪಶ್ಚಾತ್ತಾಪ! ಯಾವ ಕಂಪೆನಿಯದನ್ನೇ ಕೊಳ್ಳಿರಿ, ಈ ಎರಡು ಗುಂಡಿಗಳು ಇವೆಯೇ ಎಂದು ಮೊದಲು ನೋಡತಕ್ಕದ್ದು.

ಈಗ ಮುಖ್ಯ ವಿಷಯ. ಕಡ್ಡಿಯಲ್ಲಿ ಚಾನೆಲುಗಳಿಲ್ಲ. ಅದು ಬರಿಯ ಪಂಪು. ನೀರು ಇಂಟರ್ನೆಟ್ಟಿನಿಂದ ಬರಬೇಕು. ಎಷ್ಟೇ ಕುದುರೆಶಕ್ತಿಯ ಪಂಪು ಇಟ್ಟರೂ ಬಾವಿ ಬತ್ತಿದ್ದರೆ ತೋಟಕ್ಕೇನು ಬಂತು? ನಮ್ಮ ಸುರಂಗಗಳನ್ನು ನೆನೆಸಿಕೊಳ್ಳಿರಿ. ಬೆರಳ ಗಾತ್ರದ ನೀರಾದರೂ ಇಡೀ ರಾತ್ರಿ ಟಾಂಕಿಯಲ್ಲಿ ತುಂಬಿಸಿ ಬೆಳಿಗ್ಗೆ ಬಿಡುತ್ತೇವೆ. ಕಡ್ಡಿಗೆ ಅಂತಹ ದೊಡ್ಡ ಟಾಂಕಿಯಿಲ್ಲ. ಅದು ತುಸು ಮಾತ್ರ ಮುಂದಾಗಿ ತುಂಬಿಟ್ಟುಕೊಂಡು ಓಡುತ್ತದೆ. ಒರತೆ ಸಣ್ಣದಾದರೆ ಪರದೆಯ ಮೇಲೆ ಚಕ್ರ ತಿರುಗುತ್ತ ನಿಲ್ಲುತ್ತದೆ. ಸ್ಪಷ್ಟ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ಟು ಬೇಕು. ಎಂಟು ಬಿಟ್ಟಿಗೆ ಒಂದು ಬೈಟು. ಗಂಟೆಗೆ 3,600 ಸೆಕೆಂಡು. ಗುಣಿಸಿ ಭಾಗಿಸಿದರೆ ಗಂಟೆಗೆ 2,250 ಮೆಗಾಬೈಟು, ಎಂದರೆ ಎರಡೂಕಾಲು ಜಿ.ಬಿ. ಆಯಿತು. ಮೊಬೈಲಿನಲ್ಲಿ ದಿನಕ್ಕೆ 2 ಜಿ.ಬಿ. ಎಂಬ ಕರಾರಿನವರು ಮೊಬೈಲಿನಿಂದಲೇ ಕಡ್ಡಿಗೆ ಸಂಪರ್ಕ ಕೊಟ್ಟರೆ ಒಂದು ಗಂಟೆಯೊಳಗೆ ಬಾವಿ ತಳ ಕಾಣುತ್ತದೆ. ಫೈಬರ್ ತಂತಿ ಬಂದ ಮನೆಗಳಿಗೆ ಈ ಚಿಂತೆ ಕಡಿಮೆ.

ಇದಕ್ಕೊಂದು ಉಪಾಯವುಂಟು. ತಾಳಮದ್ದಳೆ ಕೇಳುವಾಗ ಅರ್ಥಧಾರಿಯ ಮಾತು ಮುಖ್ಯವೇ ಹೊರತು ಅವರ ಶಾಲಿನ ಅಂಚಿನ ಜರಿಯಲ್ಲ. ಯೂಟ್ಯೂಬಿನಲ್ಲಿ ಚಿತ್ರದ ಗುಣವನ್ನು ಇಳಿಸಬಹುದು. ಸೆಕೆಂಡಿಗೆ 1 ಮೆಗಾಬಿಟ್ಟಿನಲ್ಲಿ ಸಾಗಿದರೆ ಐದು ಗಂಟೆಯ ಪ್ರಸಂಗಕ್ಕೂ ಅದೇ ಎರಡೂಕಾಲು ಜಿ.ಬಿ. ಸಾಕು. ಕೊಳೆರೋಗಕ್ಕೆ ಬೋರ್ಡೋ ಮಿಶ್ರಣ ತಯಾರಿಸುವುದನ್ನು ನೋಡುವಾಗ ಮಾತ್ರ ಸ್ಪಷ್ಟವಾಗಿಯೇ ನೋಡಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬುದು ಎಲ್ಲರಿಗೂ ಬಾಯಿಪಾಠ. ಆದರೆ ಅದ್ದಿದ ಕಬ್ಬಿಣದ ಚೂರಿಗೆ ತಾಮ್ರದ ಕೆಂಪು ಹತ್ತಿತೆ, ಇನ್ನಷ್ಟು ಸುಣ್ಣ ಬೇಕೆ ಎಂಬುದು ಅಂಗೈಯಗಲದ ಫೋನಿನಲ್ಲಿ ಸರಿಯಾಗಿ ತಿಳಿಯದು. ದೊಡ್ಡ ಪರದೆಯಲ್ಲಿ ನಮ್ಮ ಕೆಲಸದ ಆಳುಗಳೂ ಕೂತು ನೋಡಿದರು.

ರಿಮೋಟಿನಿಂದ ಅಕ್ಷರ ಒತ್ತುವುದು ಸೂಜಿಯಿಂದ ಬಾವಿ ತೋಡಿದಂತೆ. ಫೋನಿಗೆ ಕನ್ನಡದಲ್ಲೇ ಮಾತಾಡಿ ಹುಡುಕಿ, ಅಲ್ಲಿಂದ ಟಿ.ವಿ.ಗೆ ದಾಟಿಸುವುದು ಸುಲಭ. ಫೋನೂ ಕಡ್ಡಿಯೂ ಒಂದೇ ವೈಫೈಯಲ್ಲಿದ್ದರೆ ಆಯಿತು.

ಹಣದ ಲೆಕ್ಕ ಕಡ್ಡಿಯ ಬೆಲೆಗೇ ಮುಗಿಯದು. ಯೂಟ್ಯೂಬು ಧರ್ಮಕ್ಕೆ ಸಿಗುತ್ತದೆ, ಜಾಹೀರಾತು ಸಹಿಸಬೇಕಷ್ಟೆ. ದೂರದರ್ಶನ ಚಂದನದ ಕಾರ್ಯಕ್ರಮಗಳೂ ಅಲ್ಲಿ ಸಿಗುತ್ತವೆ. ಧಾರಾವಾಹಿಗಳದ್ದು ಬೇರೆಯೇ ಕಥೆ. ಉದಯದ್ದು ಸನ್ ನೆಕ್ಸ್ಟಿನಲ್ಲಿ, ಜೀ ಕನ್ನಡದ್ದು ಜೀ5ರಲ್ಲಿ, ಕಲರ್ಸ್ ಕನ್ನಡ ಮತ್ತು ಸುವರ್ಣದ್ದು 2025ರಲ್ಲಿ ಆದ ಜಿಯೋಹಾಟ್‌ಸ್ಟಾರಿನಲ್ಲಿ. ಎಲ್ಲವೂ ಬೇಕೆಂದರೆ ಮೂರು ಕಡೆ ಚಂದಾ ತೆರಬೇಕಾದೀತು. ಒಂದನ್ನು ಆರಿಸಿ, ಆರು ತಿಂಗಳು ನೋಡಿ. ‘ಮೊದಲ ತಿಂಗಳು ಉಚಿತ’ ಎಂದು ಬ್ಯಾಂಕಿನ ವಿವರ ಕೇಳಿದಲ್ಲಿ, ಎರಡನೆಯ ತಿಂಗಳು ತಾನಾಗಿ ಹಣ ಕಡಿಯುವ ಒಪ್ಪಿಗೆಯೂ ಅದರೊಳಗಿರುತ್ತದೆಂದು ತಿಳಿದಿರಿ.

ನಾವು ಮಾಡಿದ ತಪ್ಪನ್ನೂ ಹೇಳಿಬಿಡುವುದು ಲೇಸು. ಗೋಡೆಯಲ್ಲಿ ಪ್ಲಗ್ಗು ಖಾಲಿಯಿಲ್ಲವೆಂದು ಕಡ್ಡಿಯ ವಿದ್ಯುತ್ತಿನ ತಂತಿಯನ್ನು ಟಿ.ವಿ.ಯ ಯು.ಎಸ್.ಬಿ. ತೂತಿಗೇ ಚುಚ್ಚಿದೆವು. ಅರ್ಧ ಗಂಟೆಗೊಮ್ಮೆ ಆರಿ ಹತ್ತತೊಡಗಿತು. ಮಾಲೇ ಕೆಟ್ಟದ್ದೆಂದು ಅಂಗಡಿಯವರಿಗೆ ಬೈದೂ ಬಂದೆವು. ಆ ತೂತು ಸಾಮಾನ್ಯವಾಗಿ ಅರ್ಧ ಆಂಪಿಯರು ಕೊಡುವಂಥದು. ಕಡ್ಡಿಯ ಜೊತೆ ಬಂದ ಅಡಾಪ್ಟರು ಒಂದು ಆಂಪಿಯರಿನದು. ಅಡಾಪ್ಟರಿಗೆ ಬದಲಿಸಿದ ಮೇಲೆ ಉಪದ್ರವಿಲ್ಲ. ಇನ್ನೊಂದು ತೊಡಕು ನಮ್ಮ ಮುರಕಲ್ಲಿನ ಗೋಡೆಗಳದು. ಚಾವಡಿಯಲ್ಲಿ ಮೋಡೆಮು, ಒಳಕೋಣೆಯಲ್ಲಿ ಟಿ.ವಿ. ಇದ್ದರೆ ನಡುವಿನ ಎರಡು ಗೋಡೆ ವೈಫೈಯನ್ನು ನುಂಗುತ್ತವೆ. ಎರಡನ್ನೂ ಒಂದೇ ಕೋಣೆಗೆ ತಂದೆವು.

ಹಾಗಾದರೆ ಯಾರು ಕೊಳ್ಳಬೇಕು? ಮನೆಗೆ ಫೈಬರ್ ಬಂದಿದ್ದು, ಟಿ.ವಿ.ಯ ಹಿಂದೆ ಎಚ್.ಡಿ.ಎಂ.ಐ. ಎಂಬ ಚಪ್ಪಟೆ ಬಾಯಿಯಿದ್ದು, ಆ ಟಿ.ವಿ. ತಾನಾಗಿ ಇಂಟರ್ನೆಟ್ಟು ತೋರಿಸದಿದ್ದರೆ ಕೊಳ್ಳಬಹುದು. ಹೊಸ ಸ್ಮಾರ್ಟ್ ಟಿ.ವಿ. ಇದ್ದವರಿಗೆ ಇದು ದಂಡ. ಹೊಟ್ಟೆ ಉಬ್ಬಿದ ಹಳೆಯ ಟಿ.ವಿ.ಗೆ ಬೇರೊಂದು ಪರಿವರ್ತಕ ಬೇಕು. ಆ ಗೋಜೇ ಬೇಡ. ಬರಿಯ ಮೊಬೈಲ್ ಸಂಪರ್ಕದ ಮನೆಯವರಿಗೆ ನಮ್ಮ ಸಲಹೆ, 2004ರಿಂದ ನಡೆದುಬಂದಿರುವ ದೂರದರ್ಶನದ ಫ್ರೀ ಡಿಶ್. ತಟ್ಟೆ ಮತ್ತು ಪೆಟ್ಟಿಗೆಗೆ ಒಮ್ಮೆ ಖರ್ಚು, ತಿಂಗಳ ಚಂದಾ ಇಲ್ಲ, ಚಂದನವೂ ಡಿ.ಡಿ. ಕಿಸಾನೂ ಬರುತ್ತವೆ. ಆಟಿಯ ಜಡಿಮಳೆ ಹೊಡೆಯುವಾಗ ಚಿತ್ರ ಒಡೆಯುವುದುಂಟು, ಮಳೆ ಬಿಟ್ಟರೆ ಸರಿಯಾಗುತ್ತದೆ.

ತಾಯಿಯವರು ಈಗ ಮಧ್ಯಾಹ್ನ ಊಟವಾದ ಮೇಲೆ ತಾಳಮದ್ದಳೆ ಹಚ್ಚಿಸಿಕೊಳ್ಳುತ್ತಾರೆ. ಅಕ್ಟೋಬರ್-ನವೆಂಬರಿನ ಸಂಜೆ ಮೂಡಣದಲ್ಲಿ ಗುಡುಗು ಕೇಳಿದೊಡನೆ ಕಡ್ಡಿಯ ಅಡಾಪ್ಟರು, ಟಿ.ವಿ., ಮೋಡೆಮು ಮೂರನ್ನೂ ಗೋಡೆಯಿಂದ ಕೀಳಬೇಕೆಂದು ಅವರಿಗೂ ಹೇಳಿಕೊಟ್ಟಿದ್ದೇವೆ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಹರಿಯದಾದರೂ ಮೋಡೆಮಿನ ವಿದ್ಯುತ್ ತಂತಿಯಲ್ಲಿ ಹರಿಯುತ್ತದೆ.